ಯಾವ ನಾಗವರ್ಮ? ಕಲ್ಯಾಣದ ಹೆಸರುಗಳು ಮತ್ತು ಸಂಶೋಧಕರ ಹದಿನಾರು ಅಂಕಿಗಳು

ಹುಮನಾಬಾದ್ ತಾಲೂಕಿನ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ಕಲ್ಮೇಶ್ವರ ದೇವಾಲಯವಿದೆ. ಅದರ ಹೊರಗೋಡೆಯ ಮೇಲೆ ನಿಂತ ಮದನಿಕೆಯರಲ್ಲಿ ಒಬ್ಬಳು ಶಾಸನ ಬರೆಯುತ್ತಿದ್ದಾಳೆ. ಅವಳನ್ನು ಶಾಸನಸುಂದರಿ ಎಂದು ಕರೆಯುವುದು ರೂಢಿ. ಅವಳು ಬರೆಯುತ್ತಿರುವುದು ಸಂಸ್ಕೃತದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ. ನೋಡಲು ಬಂದವರು ಅವಳ ನಿಲುವನ್ನು ಮೆಚ್ಚುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ರಾಜನ ಹೆಸರನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಅವಳನ್ನು ಕಡೆದ ಶಿಲ್ಪಿ ಯಾರು ಎಂದು ಕೇಳುವವರು ಕಡಿಮೆ.

ರಾಜನ ಹೆಸರೂ ನಾವು ಅಂದುಕೊಂಡಷ್ಟು ನೇರವಾಗಿಲ್ಲ. ವಿಕ್ರಮಾದಿತ್ಯ ಎಂದರೆ ಯಾವ ವಿಕ್ರಮಾದಿತ್ಯ? 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯ ಎಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ‘ಆರನೆಯ’ ಎಂಬುದು ಆ ರಾಜ ಇಟ್ಟುಕೊಂಡ ಹೆಸರಲ್ಲ. ಬಾದಾಮಿಯ ಇಬ್ಬರನ್ನೂ, ನಡುವಿನ ವಂಶಾವಳಿಯಲ್ಲಿ ಬರುವ ಇಬ್ಬರನ್ನೂ, ಕಲ್ಯಾಣದ ಮನೆತನದಲ್ಲಿ ಇವನಿಗಿಂತ ಮೊದಲು ಬಂದವನನ್ನೂ ಎಣಿಸಿ, ಇವನಿಗೆ ಆರು ಎಂದು ಸಂಖ್ಯೆ ಕೊಟ್ಟವರು ನಮ್ಮ ಕಾಲದ ಇತಿಹಾಸಕಾರರು. ಒಂದೇ ಹೆಸರಿನ ಹಲವರನ್ನು ಬೇರೆ ಬೇರೆಯಾಗಿ ಗುರುತಿಸಲು ಅವರಿಗೆ ಅಂಕಿ ಬೇಕಾಯಿತು.

ಇವತ್ತು ಜಗತ್ತಿನ ವಿಶ್ವವಿದ್ಯಾಲಯಗಳು, ಸಂಶೋಧನಾ ಪತ್ರಿಕೆಗಳು ಸಂಶೋಧಕರನ್ನು ‘ನಿಮ್ಮ ಆರ್ಕಿಡ್ ಸಂಖ್ಯೆ ಎಷ್ಟು?’ ಎಂದು ಕೇಳುತ್ತವೆ. ಅದರ ಹಿಂದೆ ಇರುವುದೂ ಇದೇ ಅಗತ್ಯ. ಪಿಎಚ್‌.ಡಿ. ಮಾಡುವ ನಮ್ಮ ಹುಡುಗರಿಗೆ ಅದು ತುಂಬಬೇಕಾದ ಇನ್ನೊಂದು ಕಲಂ ಎನ್ನಿಸುತ್ತದೆ. ಅದರ ಉಪಯೋಗವನ್ನು ಪಟ್ಟಿ ಮಾಡಿ ಹೇಳುವ ಮೊದಲು, ಅಂಥದೊಂದು ಗುರುತು ಇಲ್ಲದೆ ಏನಾಯಿತು ಎಂಬುದನ್ನು ಕಲ್ಯಾಣದ ಚರಿತ್ರೆಯಿಂದಲೇ ನೋಡುವುದು ಒಳ್ಳೆಯದು.

ಚಾಲುಕ್ಯ ರಾಜರು ತಮ್ಮನ್ನು ಗುರುತಿಸಿಕೊಳ್ಳುತ್ತಿದ್ದುದು ಬಿರುದುಗಳಿಂದ. ವಿಕ್ರಮಾದಿತ್ಯ ತ್ರಿಭುವನಮಲ್ಲ. ಅವನ ತಂದೆ ಒಂದನೆಯ ಸೋಮೇಶ್ವರ ಆಹವಮಲ್ಲ, ತ್ರೈಲೋಕ್ಯಮಲ್ಲ. ಅಣ್ಣ ಎರಡನೆಯ ಸೋಮೇಶ್ವರ ಭುವನೈಕಮಲ್ಲ. ಮಗ ಮೂರನೆಯ ಸೋಮೇಶ್ವರ ಭೂಲೋಕಮಲ್ಲ. ಶಾಸನದಲ್ಲಿ ಬಿರುದು ಸಿಕ್ಕರೆ ರಾಜ ಸಿಕ್ಕಂತೆ ಎಂದು ನಮಗೆ ಅನ್ನಿಸಬಹುದು. ತೊಂದರೆ ಏನೆಂದರೆ, ಬಿರುದುಗಳೂ ಮನೆತನದಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬಂದಂತೆ ಮತ್ತೆ ಮತ್ತೆ ಬಂದವು. ತ್ರೈಲೋಕ್ಯಮಲ್ಲ ಎಂದು ಮೂರನೆಯ ತೈಲಪನೂ ಕರೆಸಿಕೊಂಡ. ತ್ರಿಭುವನಮಲ್ಲ ಎಂದು ನಾಲ್ಕನೆಯ ಸೋಮೇಶ್ವರನೂ ಕರೆಸಿಕೊಂಡ. ‘ಜಗದೇಕಮಲ್ಲ’ ಎಂಬ ಬಿರುದು 11ನೆಯ ಶತಮಾನದ ಮೊದಲ ಭಾಗದಲ್ಲಿ ಆಳಿದ ಎರಡನೆಯ ಜಯಸಿಂಹನಿಗೂ ಇತ್ತು. 1138ರಲ್ಲಿ ಪಟ್ಟಕ್ಕೆ ಬಂದ ಇನ್ನೊಬ್ಬನಿಗಂತೂ ಅದೇ ಹೆಸರಾಗಿ ನಿಂತಿತು. ಅವನನ್ನು ನಾವು ಇಮ್ಮಡಿ ಜಗದೇಕಮಲ್ಲ ಎನ್ನುತ್ತೇವೆ.

ಇಬ್ಬರು ಜಗದೇಕಮಲ್ಲರ ನಡುವೆ ಸಿಕ್ಕಿಕೊಂಡವನು ಒಬ್ಬ ವಿದ್ವಾಂಸ. ಅವನೇ ನಾಗವರ್ಮ.

ಕನ್ನಡ ಓದುವ ವಿದ್ಯಾರ್ಥಿಗಳಿಗೆ ಈ ಹೆಸರು ಪರಿಚಿತ. ‘ಕಾವ್ಯಾವಲೋಕನ’ ಬರೆದವನು ನಾಗವರ್ಮ. ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಹೇಳುವ ‘ಕರ್ಣಾಟಕ ಭಾಷಾಭೂಷಣ’ ಬರೆದವನೂ, ಸಂಸ್ಕೃತ ಪದಗಳಿಗೆ ಕನ್ನಡ ಅರ್ಥ ಕೊಡುವ ‘ವಸ್ತುಕೋಶ’ ಬರೆದವನೂ ಅವನೇ. ‘ಛಂದೋಂಬುಧಿ’ ಬರೆದವನೂ ನಾಗವರ್ಮ, ‘ಕರ್ಣಾಟಕ ಕಾದಂಬರಿ’ ಬರೆದವನೂ ನಾಗವರ್ಮ. 1875ರಲ್ಲಿ ಕಿಟ್ಟೆಲ್ ಛಂದೋಂಬುಧಿಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. 1884ರಲ್ಲಿ ಬಿ.ಎಲ್. ರೈಸ್ ಭಾಷಾಭೂಷಣವನ್ನು ತಂದರು. ಆ ದಿನಗಳಲ್ಲಿ ಈ ಎಲ್ಲ ಪುಸ್ತಕಗಳನ್ನೂ ಬರೆದವನು ಒಬ್ಬನೇ ನಾಗವರ್ಮ ಎಂಬ ಭಾವನೆ ಇತ್ತು. ಹೆಸರು ಒಂದೇ, ಎಲ್ಲವೂ ಶಾಸ್ತ್ರದ ತಿಳಿವಳಿಕೆ ಇದ್ದವನ ಕೆಲಸ, ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ ಒಳಗಿನ ಆಧಾರಗಳನ್ನು ಇಟ್ಟುಕೊಂಡು ವಿದ್ವಾಂಸರು ಅವನನ್ನು ಇಬ್ಬರನ್ನಾಗಿ ಬಿಡಿಸಿದರು. ಛಂದೋಂಬುಧಿ ಮತ್ತು ಕಾದಂಬರಿ 10ನೆಯ ಶತಮಾನದ ಕೊನೆಯ ಒಂದನೆಯ ನಾಗವರ್ಮನಿಗೆ, ಕಾವ್ಯಾವಲೋಕನ, ಭಾಷಾಭೂಷಣ, ವಸ್ತುಕೋಶ ಎರಡನೆಯ ನಾಗವರ್ಮನಿಗೆ ಎಂದು ಹಂಚಿದರು. ಮತ್ತೆ ಅಂಕಿಯೇ ಬೇಕಾಯಿತು ನೋಡಿ.

ಅಲ್ಲಿಗೆ ಮುಗಿಯಲಿಲ್ಲ. ಎರಡನೆಯ ನಾಗವರ್ಮ ಜಗದೇಕಮಲ್ಲನ ಬಳಿ ಕಟಕೋಪಾಧ್ಯಾಯನಾಗಿದ್ದ. ಕಟಕ ಎಂದರೆ ದಂಡಿನ ಬೀಡು, ರಾಜಧಾನಿ ಎಂದೂ ಅರ್ಥವಿದೆ. ರಾಜನ ಬೀಡಿನಲ್ಲಿ ಪಾಠ ಹೇಳುವ ಉಪಾಧ್ಯಾಯ. ಆದರೆ ಯಾವ ಜಗದೇಕಮಲ್ಲನ ಬೀಡು? ‘ಕರ್ಣಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು ಇಮ್ಮಡಿ ಜಗದೇಕಮಲ್ಲನೆಂದು ತೆಗೆದುಕೊಂಡು ಅವನ ಕಾಲವನ್ನು ಸುಮಾರು 1145 ಎಂದರು. ಬಹುಕಾಲ ಅದೇ ನಡೆಯಿತು. 1042ರಲ್ಲಿ ರಚನೆಯಾದ ‘ವರ್ಧಮಾನಪುರಾಣ’ ಬೆಳಕಿಗೆ ಬಂದ ಮೇಲೆ, ಅದರ ಕರ್ತೃ ನಾಗವರ್ಮನೂ ಈ ವೈಯಾಕರಣನೂ ಒಬ್ಬನೇ, ಆದ್ದರಿಂದ ಆ ಜಗದೇಕಮಲ್ಲ ಎರಡನೆಯ ಜಯಸಿಂಹನೇ ಆಗಬೇಕು ಎಂಬ ವಾದ ಬಂತು. ಎರಡೂ ವಾದಗಳ ನಡುವೆ ನೂರು ವರ್ಷದ ಅಂತರ.

ನೂರು ವರ್ಷ ಎಂದರೆ ಸಣ್ಣ ಮಾತಲ್ಲ. ಕನ್ನಡ ವ್ಯಾಕರಣದ ಮೊದಲ ದೊಡ್ಡ ಗ್ರಂಥ ಯಾವಾಗ ಹುಟ್ಟಿತು, ಯಾರು ಯಾರನ್ನು ಓದಿಕೊಂಡು ಬರೆದರು, ಒಂದು ಪ್ರಯೋಗ ಯಾವ ಕಾಲಕ್ಕೆ ಹಳತಾಗಿತ್ತು, ಇವೆಲ್ಲ ಆ ಒಂದು ತೀರ್ಮಾನದ ಮೇಲೆ ನಿಂತಿವೆ. ಬಸವಕಲ್ಯಾಣದವರಿಗೆ ಇನ್ನೂ ಹತ್ತಿರದ ಪ್ರಶ್ನೆಯೊಂದಿದೆ. ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿ ಬೆಳೆದದ್ದು ಜಯಸಿಂಹನ ಮಗ ಒಂದನೆಯ ಸೋಮೇಶ್ವರನ ಕಾಲದಲ್ಲಿ. ನಾಗವರ್ಮ 1145ರವನಾದರೆ ಅವನು ಪಾಠ ಹೇಳಿದ ಬೀಡು ಕಲ್ಯಾಣವೇ, ಬಸವಣ್ಣ ಬರುವುದಕ್ಕೆ ತುಸು ಮುಂಚಿನ ಕಲ್ಯಾಣ. ಅವನು 1042ರವನಾದರೆ, ಕಲ್ಯಾಣ ಇನ್ನೂ ಆ ಕಲ್ಯಾಣವಾಗಿರಲಿಲ್ಲ. ಊರಿಗೆ ಒಬ್ಬ ವೈಯಾಕರಣ ಸಲ್ಲುತ್ತಾನೋ ಇಲ್ಲವೋ ಎಂಬುದು ಬಿರುದೊಂದನ್ನು ಇಬ್ಬರು ಹೊತ್ತದ್ದರಿಂದ ತೂಗಾಡುತ್ತಿದೆ.

ಇದೇ ಆಸ್ಥಾನದ ಇನ್ನಿಬ್ಬರಿಗೆ ಈ ಗತಿ ಬರಲಿಲ್ಲ. ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರ ತನ್ನ ಗ್ರಂಥದ ಕೊನೆಗೆ ತಾನು ಪದ್ಮನಾಭಭಟ್ಟನ ಮಗ, ಪರಮಹಂಸ ಪರಿವ್ರಾಜಕ ಎಂದು ಹೇಳಿಕೊಂಡು, ಕಲ್ಯಾಣ ನಗರವನ್ನೂ ಅಲ್ಲಿಯ ರಾಜ ವಿಕ್ರಮಾರ್ಕನನ್ನೂ ಕೊಂಡಾಡಿದ. ಲೇಖಕ, ತಂದೆ, ಆಶ್ರಮ, ಊರು, ಆಶ್ರಯದಾತ, ಇಷ್ಟೂ ವಿವರ ಪುಸ್ತಕದ ಜೊತೆಗೇ ಸಾಗಿ ಬಂತು. ಹಿಂದೂ ಕಾನೂನಿನ ಪುಸ್ತಕಗಳಲ್ಲಿ ಮಿತಾಕ್ಷರಾ ದೇಶವೆಲ್ಲ ಸುತ್ತಿದರೂ ಅದರ ಕರ್ತೃ ಕಲ್ಯಾಣದವನಾಗಿಯೇ ಉಳಿದ. ಕಾಶ್ಮೀರದಿಂದ ಬಂದ ಬಿಲ್ಹಣ ಇನ್ನೂ ಮುಂದೆ ಹೋದ. ‘ವಿಕ್ರಮಾಂಕದೇವಚರಿತ’ದ ಹದಿನೆಂಟನೆಯ, ಕೊನೆಯ ಸರ್ಗವನ್ನು ತನ್ನ ಊರು ಖೋನಮುಖ, ತಂದೆ ಜ್ಯೇಷ್ಠಕಲಶ, ತಾಯಿ ನಾಗಾದೇವಿ, ತಾನು ಅಲೆದ ದಾರಿ ಇವುಗಳಿಗೇ ಇಟ್ಟ. 1874ರಲ್ಲಿ ಜಾರ್ಜ್ ಬ್ಯೂಲರ್ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಆ ಕಾವ್ಯದ ತಾಳೆಗರಿ ಪ್ರತಿಯನ್ನು ಕಂಡು, ಮರುವರ್ಷ ಅಚ್ಚು ಹಾಕಿಸಿದಾಗ, ಕವಿ ಯಾರು ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಕಲ್ಯಾಣದಲ್ಲಿ ಬರೆದದ್ದು ಮರುಭೂಮಿಯ ಊರೊಂದರಲ್ಲಿ ಸಿಕ್ಕರೂ ತನ್ನ ಗುರುತನ್ನು ಹೊತ್ತೇ ಬಂದಿತ್ತು.

ಅಂದರೆ ಸಮಸ್ಯೆ ಹೊಸದಲ್ಲ, ಪರಿಹಾರವೂ ಪೂರಾ ಹೊಸದಲ್ಲ. ಬರೆದವರನ್ನು ಬರೆದದ್ದಕ್ಕೆ ಬಿಡಿಸಲಾಗದಂತೆ ಕಟ್ಟುವ ಉಪಾಯವನ್ನು ಇದೇ ಕಲ್ಯಾಣದಲ್ಲಿ ವಚನಕಾರರು ಇನ್ನೊಂದು ಬಗೆಯಲ್ಲಿ ಬಳಸಿದರು. ಅದು ಅಂಕಿತ.

ವಚನದ ಕೊನೆಗೆ ಕೂಡಲಸಂಗಮದೇವ ಎಂದು ಬಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಕಪಿಲಸಿದ್ಧಮಲ್ಲಿಕಾರ್ಜುನ ಎಂದರೆ ಸೊನ್ನಲಿಗೆಯ ಸಿದ್ಧರಾಮ. ಇದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ ಅದರ ಹೊಂದಿಕೆ ಎಷ್ಟು ಸೂಕ್ಷ್ಮವೆಂದು ಹೊಳೆಯುವುದಿಲ್ಲ. ಚೆನ್ನಬಸವಣ್ಣನ ಅಂಕಿತ ಕೂಡಲಚೆನ್ನಸಂಗಮದೇವ. ಬಸವಣ್ಣನ ಅಂಕಿತಕ್ಕೆ ಒಂದೇ ಮಾತು ಸೇರಿದೆ, ಇಬ್ಬರ ಸಂಬಂಧವೂ ತಿಳಿಯುತ್ತದೆ, ಇಬ್ಬರೂ ಬೇರೆ ಎಂಬುದೂ ತಿಳಿಯುತ್ತದೆ. ಮೋಳಿಗೆ ಮಾರಯ್ಯ ನಿಃಕಳಂಕ ಮಲ್ಲಿಕಾರ್ಜುನ ಎಂದರೆ, ಅವನ ಹೆಂಡತಿ ಮಹಾದೇವಿ ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ ಎನ್ನುತ್ತಾಳೆ. ಆಯ್ದಕ್ಕಿ ಲಕ್ಕಮ್ಮನದು ಮಾರಯ್ಯಪ್ರಿಯ ಅಮಲೇಶ್ವರಲಿಂಗ. ಅಂಬಿಗರ ಚೌಡಯ್ಯ ಮಾತ್ರ ದೇವರ ಹೆಸರಿನ ಗೋಜಿಗೆ ಹೋಗದೆ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ.

ಅಂಕಿತ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಕಾಳವ್ವೆಯರನ್ನು ನೋಡಿ. ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆ, ಸಿದ್ಧಬುದ್ಧಯ್ಯನ ಪುಣ್ಯಸ್ತ್ರೀ ಕಾಳವ್ವೆ, ಬಾಚಿಕಾಯಕದ ಬಸವಯ್ಯನ ಪುಣ್ಯಸ್ತ್ರೀ ಕಾಳವ್ವೆ. ಮೂವರೂ ವಚನ ಹೇಳಿದವರು. ಹೆಸರಿನಿಂದ ಬಿಡಿಸಲು ಹೋದರೆ ಗಂಡನ ಹೆಸರು ಹಿಡಿದೇ ಬಿಡಿಸಬೇಕು. ವಚನದೊಳಗೆ ಅಂಕಿತ ಇರುವುದರಿಂದ ಒಬ್ಬಳ ಮಾತು ಇನ್ನೊಬ್ಬಳ ಪಾಲಾಗದೆ ಉಳಿಯಿತು. ಅಂಕಿತವೂ ಹೆಸರೂ ಕೂಡಿ ಬಾರದೆ ಹೋದವರನ್ನು ಸಂಪಾದಕರು ‘ಅಜ್ಞಾತ ವಚನಕಾರರು’ ಎಂಬ ಒಂದೇ ತಲೆಬರಹದ ಕೆಳಗೆ ಕೂಡಿಸಿ ಇಡಬೇಕಾಯಿತು.

ಆದರೆ ಅಂಕಿತಕ್ಕೆ ಒಂದು ಕೊರತೆ ಇತ್ತು. ಅದನ್ನು ಕಾಯುವವರು ಯಾರೂ ಇರಲಿಲ್ಲ. ಯಾರು ಬೇಕಾದರೂ ಒಂದು ಮಾತು ಕಟ್ಟಿ ಕೊನೆಗೆ ಕೂಡಲಸಂಗಮದೇವ ಎಂದು ಸೇರಿಸಬಹುದಿತ್ತು, ಸೇರಿಸಿದವರೂ ಇದ್ದರು. ಪ್ರಕ್ಷಿಪ್ತ ವಚನಗಳನ್ನು ಬೇರ್ಪಡಿಸುವುದು ಆಮೇಲಿನ ಸಂಪಾದಕರಿಗೆ ದೊಡ್ಡ ಕೆಲಸವಾಯಿತು. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂಬ ಚರ್ಚೆಯನ್ನೂ ಅಂಕಿತವೊಂದೇ ಮುಗಿಸಲಿಲ್ಲ. ಗುರುತು ಇದ್ದರೆ ಸಾಲದು, ಇದು ಇವರದೇ ಎಂದು ಬರೆದಿಟ್ಟ ಒಂದು ದಾಖಲೆಯೂ ಬೇಕು.

ಅಂಥ ದಾಖಲೆಗಳನ್ನು ಕನ್ನಡದಲ್ಲಿ ಒಬ್ಬೊಬ್ಬರೇ ಕುಳಿತು ಮಾಡಿದರು. ನರಸಿಂಹಾಚಾರ್ಯರ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ ಬಂದವು. ಒಂದೇ ಹೆಸರಿನ ಕವಿಗಳನ್ನು ಕಾಲ, ಊರು, ಗುರು, ಗ್ರಂಥ ನೋಡಿ ಬಿಡಿಸಿ ಒಬ್ಬೊಬ್ಬರಿಗೆ ಒಂದೊಂದು ಜಾಗ ಕೊಟ್ಟದ್ದು ಅದರ ದೊಡ್ಡ ಉಪಕಾರ. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಮನೆಮನೆಯಿಂದ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. ಶತಮಾನದ ಕೊನೆಗೆ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದಾದವು. ಅಲ್ಲಿ ವಚನಗಳಿಗೆ ಕ್ರಮಸಂಖ್ಯೆ ಇರುವುದರಿಂದ ಈಗ ಸಂಪುಟ ಇಷ್ಟು, ವಚನ ಇಷ್ಟು ಎಂದರೆ ಸಾಕು, ಓದುಗ ನೇರ ಅಲ್ಲಿಗೆ ಹೋಗುತ್ತಾನೆ.

ವಿಚಿತ್ರವೆಂದರೆ ಬೇರೆಯವರ ಗುರುತು ಉಳಿಸಿದ ಈ ಹಿರಿಯರ ಹೆಸರೇ ಗ್ರಂಥಾಲಯಗಳಲ್ಲಿ ಒಂದಾಗಿ ಉಳಿದಿಲ್ಲ. ಹಳಕಟ್ಟಿಯವರ ‘ಫ’ ಇಂಗ್ಲಿಷಿಗೆ ಹೋದಾಗ ಒಂದೆಡೆ ‘ಎಫ್’ ಆಯಿತು, ಇನ್ನೊಂದೆಡೆ ‘ಪಿ’ ಆಯಿತು. ಎಫ್.ಜಿ. ಹಳಕಟ್ಟಿ, ಪಿ.ಜಿ. ಹಳಕಟ್ಟಿ ಎರಡೂ ಇವೆ. ಕನ್ನಡದಲ್ಲೇ ಕಲಬುರ್ಗಿ ಎನ್ನುವವರೂ ಇದ್ದಾರೆ, ಕಲ್ಬುರ್ಗಿ ಎನ್ನುವವರೂ ಇದ್ದಾರೆ. ಇವರು ದೊಡ್ಡವರು, ಒಬ್ಬರೇ ಎಂದು ನಮಗೆ ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ. ದೊಡ್ಡವರಲ್ಲದವರ ವಿಷಯದಲ್ಲಿ ನಮಗೂ ಗೊತ್ತಾಗುವುದಿಲ್ಲ.

ಬಸವಕಲ್ಯಾಣ, ಹುಮನಾಬಾದಿನ ಯಾವ ಶಾಲೆಯ ಹಾಜರಿ ಪುಸ್ತಕವನ್ನಾದರೂ ತೆಗೆಯಿರಿ. ಒಂದೇ ತರಗತಿಯಲ್ಲಿ ಇಬ್ಬರು ಮೂವರು ಬಸವರಾಜರು, ಒಂದಿಬ್ಬರು ಮಲ್ಲಿಕಾರ್ಜುನರು, ಶರಣಪ್ಪ, ಸಿದ್ರಾಮಪ್ಪ, ಹುಡುಗಿಯರಲ್ಲಿ ನೀಲಮ್ಮ, ಮಹಾದೇವಿ, ಗಂಗಮ್ಮ. ಎಂಟು ಶತಮಾನ ಕಳೆದರೂ ಶರಣರ ಹೆಸರುಗಳು ಈ ನೆಲದಲ್ಲಿ ಬಳಕೆಯಲ್ಲಿವೆ, ಸಂತೋಷದ ವಿಷಯವೇ. ಮೇಷ್ಟರು ಮಾತ್ರ ರೋಲ್ ನಂಬರ್ ಹಿಡಿದು ಕರೆಯುತ್ತಾರೆ. ಅಂಥ ಇಬ್ಬರು ಬಸವರಾಜರು ಮುಂದೆ ಓದಿ, ಇಬ್ಬರ ಅಡ್ಡಹೆಸರೂ ಪಾಟೀಲ ಆಗಿ, ಒಬ್ಬ ಮಣ್ಣಿನ ರಸಾಯನವನ್ನೂ ಇನ್ನೊಬ್ಬ ಶಾಸನಗಳನ್ನೂ ಅಭ್ಯಾಸ ಮಾಡಿ ಲೇಖನ ಬರೆದರು ಎಂದು ಇಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ‘ವ’ಕ್ಕೆ ‘ವಿ’ ಅಕ್ಷರ ಹಾಕಿದ, ಇನ್ನೊಬ್ಬ ‘ಡಬ್ಲ್ಯು’. ಒಂದು ಪತ್ರಿಕೆ ಪೂರ್ತಿ ಹೆಸರು ಅಚ್ಚು ಮಾಡಿತು, ಇನ್ನೊಂದು ‘ಬಿ. ಪಾಟೀಲ’ ಎಂದು ಮೊಟಕು ಮಾಡಿತು. ಅಡ್ಡಹೆಸರು ಮುಂದಿಡಬೇಕೆಂದ ಸಂಪಾದಕ ‘ಪಾಟೀಲ ಬಿ.’ ಎಂದ. ಹತ್ತು ವರ್ಷದಲ್ಲಿ ಇಬ್ಬರು ಮನುಷ್ಯರು ಕಂಪ್ಯೂಟರಿನಲ್ಲಿ ಆರು ಜನರಾಗುತ್ತಾರೆ, ಇಲ್ಲವೇ ಬೆರೆತು ಒಬ್ಬನಾಗುತ್ತಾರೆ. ಶಾಸನದವನು ಬಡ್ತಿಗೆ ಅರ್ಜಿ ಹಾಕಿದಾಗ ಅವನ ಪಟ್ಟಿಯಲ್ಲಿ ಗೊಬ್ಬರದ ಮೇಲಿನ ಲೇಖನ ಕಾಣಿಸುತ್ತದೆ, ಅವನದೇ ಲೇಖನ ಕಾಣಿಸುವುದಿಲ್ಲ.

ಊರಿನ ಹೆಸರಿಗೂ ಇದೇ ಪಾಡು. ನಿಜಾಮರ ಕಾಲದ ಬರಹಗಳಲ್ಲಿ ಇದು ಕಲ್ಯಾಣಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಸವಕಲ್ಯಾಣ. ಬಸವಕಲ್ಯಾಣ ಎಂದು ಹುಡುಕುವ ವಿದ್ಯಾರ್ಥಿಗೆ ಹಳೆಯ ಲೇಖನಗಳು ಸಿಗುವುದಿಲ್ಲ. ಕಲ್ಯಾಣಿ ಎಂದು ಹುಡುಕಿದರೆ ಪಶ್ಚಿಮ ಬಂಗಾಳದ ಕಲ್ಯಾಣಿಯ ವಿಶ್ವವಿದ್ಯಾಲಯ ಬರುತ್ತದೆ, ಕಲ್ಯಾಣ ಎಂದು ಹುಡುಕಿದರೆ ಮುಂಬೈ ಪಕ್ಕದ ರೈಲು ಜಂಕ್ಷನ್ ಬರುತ್ತದೆ.

ಪುಸ್ತಕಗಳಿಗೆ ಸಂಖ್ಯೆ ಕೊಡುವ ಯೋಚನೆ 1960ರ ದಶಕದಲ್ಲಿ ಬ್ರಿಟನ್ನಿನ ಪುಸ್ತಕ ವ್ಯಾಪಾರದಲ್ಲಿ ಹುಟ್ಟಿತು. 1970ರಲ್ಲಿ ಅದು ಐಎಸ್‌ಬಿಎನ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು, 2007ರಿಂದ ಹದಿಮೂರು ಅಂಕಿಗೆ ಬೆಳೆಯಿತು. ಲೇಖನಗಳು ಜಾಲಕ್ಕೆ ಬಂದಾಗ ಇನ್ನೊಂದು ತೊಡಕು ಎದುರಾಯಿತು. ಪತ್ರಿಕೆಯ ಜಾಲತಾಣ ಬದಲಾದರೆ ಹಳೆಯ ವಿಳಾಸ ಸತ್ತುಹೋಗುತ್ತಿತ್ತು, ಅಡಿಟಿಪ್ಪಣಿ ನಂಬಿ ಹೋದವನಿಗೆ ಖಾಲಿ ಪುಟ ಸಿಗುತ್ತಿತ್ತು. ಅದಕ್ಕೆಂದು 1990ರ ದಶಕದ ಕೊನೆಗೆ ಡಿಒಐ ಬಂತು. ಹತ್ತು ಎಂಬ ಅಂಕಿ, ಒಂದು ಚುಕ್ಕಿ, ಇವುಗಳಿಂದ ಆರಂಭವಾಗುವ ಈ ಗುರುತು ಲೇಖನಕ್ಕೆ ಸೇರಿದ್ದು, ಅದು ಇರುವ ಜಾಗಕ್ಕಲ್ಲ. ಲೇಖನ ಜಾಗ ಬದಲಿಸಿದರೆ ಪ್ರಕಾಶಕರು ಹೊಸ ವಿಳಾಸವನ್ನು ದಾಖಲಿಸುತ್ತಾರೆ, ಹಳೆಯ ಗುರುತೇ ಓದುಗನನ್ನು ಅಲ್ಲಿಗೆ ಮುಟ್ಟಿಸುತ್ತದೆ.

ಬರಹಕ್ಕೆ ಗುರುತು ಸಿಕ್ಕಿತು, ಬರೆದವರಿಗೆ ಸಿಕ್ಕಿರಲಿಲ್ಲ. 2012ರ ಅಕ್ಟೋಬರ್‌ನಲ್ಲಿ ಆರ್ಕಿಡ್ ಆರಂಭವಾಯಿತು. ಹೂವಿನ ಹೆಸರಿನಂತೆ ಕೇಳಿಸಿದರೂ ಅದು ‘ಓಪನ್ ರಿಸರ್ಚರ್ ಅಂಡ್ ಕಾಂಟ್ರಿಬ್ಯೂಟರ್ ಐಡಿ’ ಎಂಬುದರ ಮೊದಲಕ್ಷರಗಳು. ಲಾಭಕ್ಕಾಗಿ ನಡೆಯದ ಸಂಸ್ಥೆ. ಸಂಶೋಧಕರಿಗೆ ಉಚಿತ, ಸದಸ್ಯರಾದ ಸಂಸ್ಥೆಗಳು ಅದರ ಖರ್ಚು ಹೊರುತ್ತವೆ. ಸಂಖ್ಯೆ ಹದಿನಾರು ಅಂಕಿಯದು, ನಾಲ್ಕು ನಾಲ್ಕರ ನಾಲ್ಕು ಗುಂಪು. ಅದರಲ್ಲಿ ದೇಶದ ಗುರುತಿಲ್ಲ, ಊರಿನ ಗುರುತಿಲ್ಲ, ವಿಶ್ವವಿದ್ಯಾಲಯದ ಗುರುತಿಲ್ಲ, ಹೆಣ್ಣು ಗಂಡು ಎಂಬುದಿಲ್ಲ, ಕುಲದ ಸುಳಿವಂತೂ ಇಲ್ಲ. ಇವುಗಳಲ್ಲಿ ಯಾವುದು ಬದಲಾದರೂ ಸಂಖ್ಯೆ ಬದಲಾಗಬಾರದು ಎಂಬುದೇ ಅದರ ಉದ್ದೇಶ.

ಕೊನೆಯ ಅಂಕಿಯ ಕತೆ ಸ್ವಾರಸ್ಯವಾಗಿದೆ. ಅದು ಮೊದಲ ಹದಿನೈದು ಅಂಕಿಗಳಿಂದ ಲೆಕ್ಕ ಹಾಕಿ ಬರುವ ತಾಳೆಯ ಅಂಕಿ. ಎಡದಿಂದ ಒಂದೊಂದೇ ಅಂಕಿಯನ್ನು ಕೂಡಿಸುತ್ತ, ಬಂದದ್ದನ್ನು ಎರಡರಿಂದ ಗುಣಿಸುತ್ತ ಹೋಗಿ, ಕೊನೆಗೆ ಹನ್ನೊಂದರಿಂದ ಭಾಗಿಸಿ, ಉಳಿದ ಶೇಷದಿಂದ ಅದನ್ನು ಪಡೆಯುತ್ತಾರೆ. ಲೆಕ್ಕ ಹತ್ತಕ್ಕೆ ನಿಂತರೆ ಅಂಕಿಯ ಬದಲು ‘ಎಕ್ಸ್’ ಅಕ್ಷರ ಬೀಳುತ್ತದೆ. ಯಾರಾದರೂ ಒಂದು ಅಂಕಿ ತಪ್ಪು ಒತ್ತಿದರೆ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ, ತಾಳೆ ಕೂಡದೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಹಳಗನ್ನಡ ಓದುವವರಿಗೆ ಈ ಯುಕ್ತಿ ಅಪರಿಚಿತವಲ್ಲ. ಓಲೆಗರಿ ನಕಲು ಮಾಡುವವನು ಕಂದಪದ್ಯದಲ್ಲಿ ಒಂದು ಅಕ್ಷರ ಬಿಟ್ಟರೆ ಗಣ ಕೆಡುತ್ತದೆ, ಪ್ರಾಸ ತಪ್ಪಿದರೆ ಪಾಠ ಕೆಟ್ಟಿದೆ ಎಂದು ಸಂಪಾದಕ ಅನುಮಾನಿಸುತ್ತಾನೆ. ಛಂದೋಂಬುಧಿಯ ನಾಗವರ್ಮ ಹೇಳಿಕೊಟ್ಟ ಲೆಕ್ಕವೇ ಎಷ್ಟೋ ಕವಿಗಳ ಪದ್ಯಗಳನ್ನು ನಕಲುಗಾರರ ಕೈಯಿಂದ ಕಾಪಾಡಿದೆ.

ಇನ್ನು ಉಪಯೋಗ. ಮೊದಲನೆಯದು ಹೇಳಿಯೇ ಆಯಿತು. ಇಬ್ಬರು ಬಸವರಾಜ ಪಾಟೀಲರಿಗೆ ಎರಡು ಸಂಖ್ಯೆ. ಹೆಸರನ್ನು ಯಾರು ಹೇಗೆ ಮೊಟಕು ಮಾಡಿದರೂ ಲೇಖನ ಸರಿಯಾದ ಮನೆಗೇ ಬರುತ್ತದೆ. ಎರಡನೆಯದು ಹೆಣ್ಣುಮಕ್ಕಳಿಗೆ ಹೆಚ್ಚು ಬೇಕಾದದ್ದು. ಮದುವೆಗೆ ಮೊದಲು ತಂದೆಯ ಹೆಸರಿನ ಮೊದಲಕ್ಷರದಲ್ಲಿ ಬರೆದವಳು, ಆಮೇಲೆ ಗಂಡನ ಮನೆಯ ಅಡ್ಡಹೆಸರಿನಲ್ಲಿ ಬರೆದರೆ, ಅವಳ ಮೊದಲ ಕೆಲಸ ತವರಿನಲ್ಲೇ ಉಳಿದುಬಿಡುತ್ತದೆ. ಸಂಖ್ಯೆ ಒಂದೇ ಇದ್ದರೆ ಎರಡೂ ಅವಳದೇ. ಪುಣ್ಯಸ್ತ್ರೀ ಎಂದಷ್ಟೇ ಗುರುತಾದ ಕಾಳವ್ವೆಯರನ್ನು ನೋಡಿದ ನಮಗೆ ಇದರ ಬೆಲೆ ತಿಳಿಯಬೇಕು.

ಮೂರನೆಯದು ವಲಸೆಯ ಮಾತು. ಹುಮನಾಬಾದಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ಇದ್ದವರು ಮರುವರ್ಷ ಇನ್ನೊಂದು ಊರಿಗೆ ಹೋಗುತ್ತಾರೆ. ಕಾಲೇಜು ಕೊಟ್ಟ ಇಮೇಲ್ ವಿಳಾಸ ನಿಲ್ಲುತ್ತದೆ, ಕಾಲೇಜಿನ ಪುಟದಿಂದ ಹೆಸರು ಅಳಿಯುತ್ತದೆ. ಆರ್ಕಿಡ್ ಸಂಖ್ಯೆ ವ್ಯಕ್ತಿಯದು, ಕೆಲಸಕ್ಕಿಟ್ಟುಕೊಂಡವರದಲ್ಲ. ಅದರಲ್ಲಿ ಏನನ್ನು ಎಲ್ಲರಿಗೂ ತೋರಿಸಬೇಕು, ಏನನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕು ಎಂದು ತೀರ್ಮಾನಿಸುವವರೂ ಅವರೇ. ನಾಲ್ಕನೆಯದು ಸಮಯ. ಲೇಖನ ಕಳಿಸುವಾಗ ಸಂಖ್ಯೆ ಕೊಟ್ಟಿದ್ದು, ಒಪ್ಪಿಗೆಯನ್ನೂ ಕೊಟ್ಟಿದ್ದರೆ, ಪ್ರಕಟವಾದ ಮೇಲೆ ಡಿಒಐ ಸಮೇತ ಅದು ತಾನಾಗಿ ದಾಖಲೆಗೆ ಬಂದು ಸೇರುತ್ತದೆ. ನಮ್ಮ ದೇಶದಲ್ಲಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಪಿಎಚ್‌.ಡಿ. ಪ್ರಬಂಧಗಳಿಗೆ ‘ಶೋಧಗಂಗಾ’ವನ್ನೂ, ಅಧ್ಯಾಪಕರ ವಿವರಕ್ಕೆ ‘ವಿದ್ವಾನ್’ ಎಂಬ ಕೋಶವನ್ನೂ ನಡೆಸುತ್ತಿದೆ. ವಿದ್ವಾನ್‌ನ ವಿವರಕ್ಕೆ ಆರ್ಕಿಡ್ ಸಂಖ್ಯೆಯನ್ನು ಜೋಡಿಸಬಹುದು.

ಕನ್ನಡದಲ್ಲಿ ಬರೆಯುವವರಿಗೆ ಬೇರೆಯೇ ಒಂದು ಲಾಭವಿದೆ, ಬಹಳ ಜನ ಗಮನಿಸಿಲ್ಲ. ಆರ್ಕಿಡ್ ದಾಖಲೆಯಲ್ಲಿ ‘ಇತರ ಹೆಸರುಗಳು’ ಎಂಬ ಜಾಗವಿದೆ. ಅಲ್ಲಿ ತಮ್ಮ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು, ಇಂಗ್ಲಿಷಿನ ಎಲ್ಲ ಕಾಗುಣಿತಗಳನ್ನೂ ಸೇರಿಸಬಹುದು, ಕಾವ್ಯನಾಮ ಇದ್ದರೆ ಅದನ್ನೂ ಕೊಡಬಹುದು. ಅಂಬಿಕಾತನಯದತ್ತ ಎಂ��ರೆ ಬೇಂದ್ರೆ ಎಂದು ಎಲ್ಲರಿಗೂ ಗೊತ್ತು. ನಿಮ್ಮ ಕಾವ್ಯನಾಮ ನಿಮ್ಮದೆಂದು ನೀವೇ ಬರೆದಿಡಬೇಕು. ಕನ್ನಡದ ಸಣ್ಣ ಪತ್ರಿಕೆಗಳಲ್ಲಿ ಬಹುಪಾಲಿಗೆ ಡಿಒಐ ಇಲ್ಲ, ಆದ್ದರಿಂದ ಅಲ್ಲಿಯ ಲೇಖನಗಳು ತಾವಾಗಿ ಬಂದು ಸೇರುವುದಿಲ್ಲ. ಆದರೆ ಕೈಯಿಂದ ತುಂಬಲು ಅವಕಾಶವಿದೆ. ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಟ್ಟು, ಅದರ ಅನುವಾದವನ್ನು ಪಕ್ಕದ ಜಾಗದಲ್ಲಿ ಕೊಡಬಹುದು, ಪುಸ್ತಕವಾದರೆ ಐಎಸ್‌ಬಿಎನ್ ಹಾಕಬಹುದು. ಅರ್ಧ ಗಂಟೆಯ ಕೆಲಸ. ಮಾಡದಿದ್ದರೆ ಇಂಗ್ಲಿಷಿನಲ್ಲಿ ಬರೆದ ಎರಡು ಲೇಖನ ಮಾತ್ರ ಕಾಣಿಸಿ, ಕನ್ನಡದಲ್ಲಿ ಬರೆದ ಇಪ್ಪತ್ತು ಕಾಣಿಸದೆ ಹೋಗುತ್ತವೆ.

ಇದರ ಮಿತಿಯನ್ನೂ ಹೇಳಬೇಕು. ಆರ್ಕಿಡ್‌ನಲ್ಲಿ ತುಂಬುವ ವಿವರದಲ್ಲಿ ಬಹಳಷ್ಟು ಅವರವರೇ ಹೇಳಿಕೊಂಡದ್ದು. ತನ್ನದಲ್ಲದ್ದನ್ನು ತನ್ನದೆಂದು ಸೇರಿಸುವವನನ್ನು ಸಂಖ್ಯೆ ತಡೆಯುವುದಿಲ್ಲ. ಪ್ರಕಾಶಕರೋ ವಿಶ್ವವಿದ್ಯಾಲಯವೋ ಸೇರಿಸಿದ ವಿವರದ ಪಕ್ಕದಲ್ಲಿ ಅದು ಎಲ್ಲಿಂದ ಬಂತೆಂದು ಕಾಣಿಸುತ್ತದೆ, ನೋಡುವವರು ಅದನ್ನು ನೋಡಬೇಕು. ಪ್ರಕ್ಷಿಪ್ತ ವಚನಗಳ ಕಾಟ ಇಲ್ಲಿಗೂ ತಪ್ಪಿದ್ದಲ್ಲ. ಸಂಖ್ಯೆ ಇದೆ ಎಂದ ಮಾತ್ರಕ್ಕೆ ಸಂಶೋಧನೆ ಒಳ್ಳೆಯದಾಗುವುದಿಲ್ಲ, ಅಂಕಿತ ಇದ್ದ ಮಾತ್ರಕ್ಕೆ ವಚನ ಒಳ್ಳೆಯದಾಗದಂತೆ. ಲೇಖನಗಳನ್ನು ಎಣಿಸುವ ಹುಚ್ಚಿಗೆ ಇದು ಇನ್ನೊಂದು ಸಾಧನವಾಗುವ ಭಯವೂ ಇದೆ. ಶರಣರು ಅಂಕಿತದಲ್ಲಿ ತಮ್ಮ ಹೆಸರನ್ನು ಹಿಂದಿಟ್ಟು ದೇವರ ಹೆಸರನ್ನು ಮುಂದಿಟ್ಟರು. ನಾವು ನಮ್ಮ ಹೆಸರನ್ನೇ ಭದ್ರ ಮಾಡಿಕೊಳ್ಳಲು ಹೊರಟಿದ್ದೇವೆ. ಎರಡೂ ಒಂದೇ ಎಂದು ಹೇಳಲಾರೆ.

ಆದರೂ ನಾಗವರ್ಮನ ಪ್ರಶ್ನೆ ಬಿಡುವುದಿಲ್ಲ. ಅವನು ಕನ್ನಡಕ್ಕೆ ವ್ಯಾಕರಣ, ಕೋಶ, ಕಾವ್ಯಶಾಸ್ತ್ರ ಮೂರನ್ನೂ ಕೊಟ್ಟ. ಅವನಿಗೆ ಪದವಿ ಇತ್ತು, ಆಶ್ರಯ ಇತ್ತು, ಆ ಕಾಲದಲ್ಲಿ ಅವನನ್ನು ಗುರುತಿಸದವರು ಇದ್ದಿರಲಾರರು. ಗುರುತು ಎಲ್ಲರಿಗೂ ಗೊತ್ತಿದ್ದಾಗ ಅದನ್ನು ಬರೆದಿಡಬೇಕೆಂದು ಯಾರಿಗೂ ತೋಚುವುದಿಲ್ಲ. ಗೊತ್ತಿದ್ದವರೆಲ್ಲ ಹೋದ ಮೇಲೆ ಅವನ ಪುಸ್ತಕಗಳು ಉಳಿದವು, ಅವನು ಯಾವ ಶತಮಾನದವನು ಎಂಬುದು ಉಳಿಯಲಿಲ್ಲ.

ಬಸವಕಲ್ಯಾಣದಿಂದ, ಹುಮನಾಬಾದಿನಿಂದ ಈಗ ಬೀದರಿಗೋ ಕಲಬುರಗಿಗೋ ಸಂಶೋಧನೆಗೆ ಹೋಗುವ ಹುಡುಗ ಹುಡುಗಿಯರಿಗೆ ಹೇಳಬೇಕಾದದ್ದು ಇಷ್ಟೇ. ಮೊದಲ ಲೇಖನ ಕಳಿಸುವ ದಿನವೇ ಸಂಖ್ಯೆ ಪಡೆಯಿರಿ. ಒಬ್ಬರಿಗೆ ಒಂದೇ ಇರಲಿ, ಎರಡು ಮಾಡಿಕೊಂಡರೆ ಮತ್ತೆ ಇಬ್ಬರಾಗುತ್ತೀರಿ. ಕಾಲೇಜಿನ ಇಮೇಲ್ ಜೊತೆಗೆ ಸ್ವಂತದ್ದನ್ನೂ ಕೊಡಿ. ಹೆಸರನ್ನು ಕನ್ನಡದಲ್ಲಿಯೂ ಬರೆಯಿರಿ. ಕ್ಷೇತ್ರಕಾರ್ಯಕ್ಕೆ ಜಲಸಂಗ್ವಿಗೆ ಹೋದರೆ ಶಾಸನಸುಂದರಿಯ ಫೋಟೋ ತೆಗೆದುಕೊಳ್ಳಿ, ತೆಗೆದವರು ಯಾರು, ಯಾವತ್ತು ಎಂಬುದನ್ನೂ ಅದರ ಜೊತೆಗೇ ಬರೆದಿಡಿ.